ನೆಟ್‌ವರ್ಕಿಂಗ್ ಪ್ರಾಜೆಕ್ಟ್ ಆರಿಸೋದು ಹೇಗೆ: ಸಿಮ್ಯುಲೇಟರಾ, ಲ್ಯಾಪ್‌ಟಾಪಾ, ಇಲ್ಲ ತೋಟದಲ್ಲಿ ನೆಡುವ ಬೋರ್ಡಾ?

"ಅಣ್ಣಾ, ಐಒಟಿ ತಗೊಳ್ಲಾ, ಎಸ್‌ಡಿಎನ್ ತಗೊಳ್ಲಾ?" ಏಳನೇ ಸೆಮಿಸ್ಟರ್ ಶುರುವಾಯಿತು ಅಂದರೆ ನನ್ನ ಫೋನಿಗೆ ಈ ಮೆಸೇಜ್ ಬಂದೇ ಬರುತ್ತದೆ. (ಐಒಟಿ ಅಂದರೆ ಸೆನ್ಸರ್, ಬೋರ್ಡುಗಳನ್ನು ನೆಟ್‌ವರ್ಕಿಗೆ ಸೇರಿಸುವುದು, ಎಸ್‌ಡಿಎನ್ ಅಂದರೆ ನೆಟ್‌ವರ್ಕನ್ನು ಸಾಫ್ಟ್‌ವೇರಿನಿಂದ ಆಳುವುದು.) ಎಂ.ಟೆಕ್‌ನವರದೂ ಇದೇ ಪ್ರಶ್ನೆ, ಪದಗಳು ಸ್ವಲ್ಪ ದಪ್ಪ ಅಷ್ಟೇ. ನಾನು ತಿರುಗಿ ಕೇಳುವುದು ಒಂದನ್ನೇ. ಕೊನೆಯ ದಿನ ಎಕ್ಸಾಮಿನರ್ ಮುಂದೆ ನೀನು ಇಡುವ ಗ್ರಾಫ್ ಯಾವುದು? ಎಕ್ಸ್ ಅಕ್ಷದಲ್ಲಿ ಏನು, ವೈ ಅಕ್ಷದಲ್ಲಿ ಏನು? ಅರ್ಧಕ್ಕರ್ಧ ಜನ ಅಲ್ಲಿಗೇ ಮಾಯ.

ಬೈಯೋದಕ್ಕೆ ಕೇಳುವುದಲ್ಲ. "ಐಒಟಿ ಬಳಸಿ ಸ್ಮಾರ್ಟ್ ಕೃಷಿ" ಅನ್ನುವುದು ಅಂಗಡಿ ಮುಂದಿನ ಬೋರ್ಡು, ಪ್ರಶ್ನೆ ಅಲ್ಲ. "ಮಳೆಗಾಲದಲ್ಲಿ ಅಡಿಕೆ ತೋಟದೊಳಗಿನ ಲೋರಾ ನೋಡ್ ಕಳಿಸಿದ ನೂರು ಪ್ಯಾಕೆಟ್‌ನಲ್ಲಿ ಮನೆಗೆ ಎಷ್ಟು ತಲುಪುತ್ತವೆ, ಬೇಸಿಗೆಯಲ್ಲಿ ಎಷ್ಟು?" ಇದು ಪ್ರಶ್ನೆ. (ಲೋರಾ ಅಂದರೆ ಕಡಿಮೆ ಕರೆಂಟಿನಲ್ಲಿ ದೂರಕ್ಕೆ ಪುಟ್ಟ ಸಂದೇಶ ಕಳಿಸುವ ರೇಡಿಯೋ, ನೋಡ್ ಅಂದರೆ ನೆಟ್‌ವರ್ಕಿನ ಒಂದೊಂದು ಸಾಧನ, ಪ್ಯಾಕೆಟ್ ಅಂದರೆ ಡೇಟಾದ ಒಂದೊಂದು ತುಂಡು.) ಇಂಥದ್ದೊಂದು ಕೈಯಲ್ಲಿದ್ದರೆ ಯಾವ ದಾರಿ ಹಿಡಿಯಬೇಕು ಅನ್ನೋದು ತಾನಾಗೇ ತೀರ್ಮಾನವಾಗುತ್ತದೆ.

ದಾರಿಗಳು ನಾಲ್ಕು. ಇಡೀ ನೆಟ್‌ವರ್ಕನ್ನು ಲೆಕ್ಕದಲ್ಲೇ ನಕಲು ಮಾಡುವ ಸಿಮ್ಯುಲೇಟರ್, ಲ್ಯಾಪ್‌ಟಾಪಿನೊಳಗೇ ಕಟ್ಟುವ ನೆಟ್‌ವರ್ಕ್, ನಿಜವಾದ ಬೋರ್ಡುಗಳು, ಮತ್ತೆ ಈಗಾಗಲೇ ಓಡುತ್ತಿರುವ ಇಂಟರ್ನೆಟ್ಟನ್ನೇ ಅಳೆಯುವುದು. ನಾಲ್ಕರಲ್ಲೂ ಸುಳ್ಳು ನುಸುಳುತ್ತದೆ. ಹಾಗಾಗಿ ನಾನು ಇವನ್ನು ಹೋಲಿಸುವುದು ಖರ್ಚಿನಿಂದಲ್ಲ, ಯಾವುದರಲ್ಲಿ ಸುಳ್ಳು ಎಲ್ಲಿಂದ ನುಸುಳುತ್ತದೆ ಅನ್ನುವುದರಿಂದ.

ಸಿಮ್ಯುಲೇಟರ್: ಖರ್ಚಿಲ್ಲ, ಅನುಮಾನ ಜಾಸ್ತಿ

ಎನ್‌ಎಸ್-3 ಉಚಿತ. ಸಿ++ ಬರಬೇಕು. 2008ರಲ್ಲಿ ಇದರ ಮೊದಲ ಆವೃತ್ತಿ ಬಂತು, ಆದರೂ ನಮ್ಮ ಕಾಲೇಜುಗಳಲ್ಲಿ ಇನ್ನೂ ಸೀನಿಯರ್‌ಗಳ ಪೆನ್‌ಡ್ರೈವ್‌ನಲ್ಲಿ ಎನ್‌ಎಸ್-2 ಸ್ಕ್ರಿಪ್ಟುಗಳು ಅಜ್ಜನ ಆಸ್ತಿಯ ಹಾಗೆ ಕೈ ಬದಲಾಗುತ್ತಿರುತ್ತವೆ. ಅವು ಎನ್‌ಎಸ್-3ರಲ್ಲಿ ಓಡುವುದಿಲ್ಲ. ಎರಡೂ ಬೇರೆ ಬೇರೆ.

ಐನೂರು ನೋಡ್ ಬೇಕು, ಅಥವಾ ವೈಫೈನ ಒಳಗಿನ ನಿಯಮವನ್ನೇ ಬದಲಿಸಿ ನೋಡಬೇಕು ಅನ್ನುವವರಿಗೆ ಸಿಮ್ಯುಲೇಟರ್ ಬಿಟ್ಟರೆ ಗತಿಯಿಲ್ಲ. ಆದರೆ ಇಲ್ಲಿ ಸುಳ್ಳು ತುಂಬ ಸದ್ದಿಲ್ಲದೆ ಬರುತ್ತದೆ. ಒಂದು ಉದಾಹರಣೆ ಸಾಕು. ಎನ್‌ಎಸ್-3ರ ಯಾದೃಚ್ಛಿಕ ಸಂಖ್ಯೆಗಳು ಪ್ರತಿ ಸಲವೂ ಅದೇ ಜಾಗದಿಂದ ಶುರುವಾಗುತ್ತವೆ, ಅಂದರೆ ರನ್ ನಂಬರನ್ನು ನೀವೇ ಬದಲಿಸದಿದ್ದರೆ ಹತ್ತು ಸಲ ಓಡಿಸಿದರೂ ಹತ್ತು ಸಲವೂ ಅಚ್ಚು ಹಾಕಿದ ಹಾಗೆ ಒಂದೇ ಉತ್ತರ. ಹೀಗೆ ಬಂದ ಉತ್ತರ ನೋಡಿ "ನಮ್ಮ ಪ್ರೋಟೋಕಾಲ್ ಬಹಳ ಸ್ಥಿರವಾಗಿದೆ" ಅಂತ ರಿಪೋರ್ಟಿನಲ್ಲಿ ಬರೆದವರನ್ನು ನಾನು ನೋಡಿದ್ದೇನೆ. ಪಾಪ.

ಇನ್ನೊಂದು ಹಳೆಯ ಕಥೆ. ಮೊಬೈಲ್ ಅಡ್-ಹಾಕ್ ನೆಟ್‌ವರ್ಕ್ (ಓಡಾಡುವ ಸಾಧನಗಳೇ ತಮ್ಮತಮ್ಮಲ್ಲಿ ಕಟ್ಟಿಕೊಳ್ಳುವ ಜಾಲ) ಪ್ರಾಜೆಕ್ಟುಗಳಲ್ಲಿ ನೋಡ್‌ಗಳು ಓಡಾಡುವ ಮಾದರಿ ಅಂತ ಎಲ್ಲರೂ ರ್‍ಯಾಂಡಮ್ ವೇಪಾಯಿಂಟ್ ಹಾಕುತ್ತಾರೆ. ನೋಡ್ ಒಂದು ಜಾಗ, ಒಂದು ವೇಗ ಆರಿಸಿಕೊಂಡು ಅಲ್ಲಿಗೆ ಹೋಗುತ್ತದೆ, ಮತ್ತೆ ಇನ್ನೊಂದು. ಕನಿಷ್ಠ ವೇಗವನ್ನು ಸೊನ್ನೆ ಅಂತ ಬಿಟ್ಟರೆ ಏನಾಗುತ್ತದೆ? ತೀರಾ ನಿಧಾನದ ವೇಗ ಆರಿಸಿಕೊಂಡ ನೋಡ್‌ಗಳು ದಾರಿಯಲ್ಲೇ ಸಿಕ್ಕಿಕೊಳ್ಳುತ್ತವೆ, ಹೊತ್ತು ಹೋದ ಹಾಗೆ ಅಂಥವೇ ಹೆಚ್ಚಾಗಿ ಸರಾಸರಿ ವೇಗ ಸೊನ್ನೆಯ ಕಡೆಗೆ ಇಳಿಯುತ್ತಾ ಹೋಗುತ್ತದೆ. ಅಂದರೆ ಹೆಚ್ಚು ಹೊತ್ತು ಓಡಿಸಿದಷ್ಟೂ ನಿಮ್ಮ ಪ್ರೋಟೋಕಾಲ್ ಚೆನ್ನಾಗಿ ಕಾಣಿಸುತ್ತದೆ! ಇದನ್ನು 2003ರಲ್ಲೇ ತೋರಿಸಿಕೊಟ್ಟಿದ್ದಾರೆ. ಎರಡು ವರ್ಷದ ನಂತರ ಬಂದ ಇನ್ನೊಂದು ಸಮೀಕ್ಷೆ ಮೊಬಿಹಾಕ್ ಸಮ್ಮೇಳನದ ಪ್ರಬಂಧಗಳನ್ನು ಜಾಲಾಡಿ, ಮತ್ತೊಬ್ಬರು ಅದೇ ಪ್ರಯೋಗ ಮಾಡಿ ನೋಡಲು ಸಾಧ್ಯವಿರುವುದು ಶೇಕಡಾ 15ಕ್ಕಿಂತ ಕಡಿಮೆ ಅಂತ ಹೇಳಿತು. ದೊಡ್ಡ ದೊಡ್ಡವರ ಗತಿಯೇ ಇದಾದರೆ ನಾವು ಎಷ್ಟು ಹುಷಾರಾಗಿರಬೇಕು ಅಲ್ವಾ. ಆವೃತ್ತಿ ಯಾವುದು, ಎಷ್ಟು ರನ್, ಶುರುವಿನ ಎಷ್ಟು ಸೆಕೆಂಡಿನ ಡೇಟಾ ಬಿಟ್ಟಿರಿ, ಇಷ್ಟನ್ನು ಬರೆದಿಟ್ಟರೇ ನೀವು ಎಷ್ಟೋ ಜನರಿಗಿಂತ ಮುಂದೆ.

ಕೂಜಾ ಬೇರೆ ಜಾತಿ. ಸ್ವೀಡನ್ನಿನ ಆಡಮ್ ಡಂಕೆಲ್ಸ್ ಪುಟ್ಟ ಸೆನ್ಸರ್ ಬೋರ್ಡುಗಳಿಗಾಗಿ ಶುರು ಮಾಡಿದ ಕಾಂಟಿಕಿ ಆಪರೇಟಿಂಗ್ ಸಿಸ್ಟಮ್ ಜೊತೆ ಬರುವ ಸಿಮ್ಯುಲೇಟರ್ ಇದು, ಈಗ ಕಾಂಟಿಕಿ-ಎನ್‌ಜಿ ಹೆಸರಲ್ಲಿ ಮುಂದುವರಿದಿದೆ. ಇದರಲ್ಲಿ ಬೋರ್ಡಿಗೆ ಹಾಕುವ ಕೋಡನ್ನೇ ಓಡಿಸಬಹುದು. ಸ್ಕೈ ಮೋಟ್ ಅಂತ ಆರಿಸಿದರೆ 10 ಕೆಬಿ ರ್‍ಯಾಮ್‌ನ ಹಳೆಯ ಚಿಪ್ಪನ್ನೇ ಒಳಗೆ ನಕಲು ಮಾಡುತ್ತದೆ. ನಿಮ್ಮ ಕೋಡ್ ಅದರಲ್ಲಿ ಹಿಡಿಸಲಿಲ್ಲ ಅಂದರೆ ಕಂಪೈಲ್ ಆಗುವುದೇ ಇಲ್ಲ, ಆ ಮಟ್ಟಿಗೆ ಪ್ರಾಮಾಣಿಕ. ಅಪ್ರಾಮಾಣಿಕತೆ ಇರುವುದು ರೇಡಿಯೋದಲ್ಲಿ. ಸುಮ್ನೆ ತೆರೆದು ಓಡಿಸಿದರೆ ಪ್ರತಿ ನೋಡ್ ಸುತ್ತ ಒಂದು ಗುಂಡನೆಯ ವೃತ್ತ, ಒಳಗಿದ್ದವನಿಗೆ ಎಲ್ಲ ಕೇಳಿಸುತ್ತದೆ, ಹೊರಗಿದ್ದವನಿಗೆ ಏನೂ ಇಲ್ಲ. ಅಂಥ ರೇಡಿಯೋ ಭೂಮಿಯ ಮೇಲೆ ಎಲ್ಲೂ ಇಲ್ಲ. ಆರ್‌ಪಿಎಲ್ ರೂಟಿಂಗ್ (ಇಂಥ ಪುಟ್ಟ ನೋಡ್‌ಗಳ ನಡುವೆ ಪ್ಯಾಕೆಟ್‌ಗೆ ದಾರಿ ಹುಡುಕುವ ನಿಯಮ) ಬಗ್ಗೆ ಕೆಲಸ ಮಾಡುವವರು ಕೂಜಾ ಹಿಡಿಯಿರಿ, ಆದರೆ ಪ್ಯಾಕೆಟ್ ತಲುಪುವ ಪ್ರಮಾಣವನ್ನು 100ರಿಂದ 60ರವರೆಗೆ ನೀವೇ ಇಳಿಸುತ್ತಾ ಹೋಗಿ ಗ್ರಾಫ್ ಹಾಕಿ.

ಲ್ಯಾಪ್‌ಟಾಪ್ ಒಳಗಿನ ನೆಟ್‌ವರ್ಕ್: ನನ್ನ ಓಟು ಇದಕ್ಕೇ

ನಾನು ಯಾರ ಪರ ಅಂತ ಮುಚ್ಚಿಡುವುದಿಲ್ಲ. ದುಡ್ಡಿಲ್ಲ, ಸಮಯ ಆರೇ ತಿಂಗಳು, ಲಿನಕ್ಸ್ ಒಂದಿಷ್ಟು ಬರುತ್ತದೆ ಅಂದರೆ ಇದನ್ನೇ ಆರಿಸಿ. ಲಿನಕ್ಸ್‌ನ ನೆಟ್‌ವರ್ಕ್ ನೇಮ್‌ಸ್ಪೇಸ್ ಬಳಸಿ ಒಂದೇ ಲ್ಯಾಪ್‌ಟಾಪಿನಲ್ಲಿ ಹತ್ತಿಪ್ಪತ್ತು ಕಂಪ್ಯೂಟರ್ ಇದ್ದ ಹಾಗೆ ಮಾಡಬಹುದು. 2010ರಲ್ಲಿ ಸ್ಟ್ಯಾನ್‌ಫರ್ಡ್‌ನವರು ಪರಿಚಯಿಸಿದ ಮಿನಿನೆಟ್ ಇದನ್ನೇ ಪೈಥಾನ್‌ನಲ್ಲಿ ಸುಲಭ ಮಾಡಿಕೊಡುತ್ತದೆ. ಸಿಮ್ಯುಲೇಟರಿಗೂ ಇದಕ್ಕೂ ವ್ಯತ್ಯಾಸ ಏನು ಅಂದರೆ ಇಲ್ಲಿ ಓಡುವುದು ನಿಜವಾದ ಕರ್ನಲ್‌ನ (ಲಿನಕ್ಸ್‌ನ ತಿರುಳು) ನಿಜವಾದ ಟಿಸಿಪಿ, ಅಂದರೆ ಡೇಟಾವನ್ನು ತಪ್ಪದೆ ತಲುಪಿಸುವ, ಎಷ್ಟು ವೇಗದಲ್ಲಿ ಕಳಿಸಬೇಕು ಅಂತ ತೀರ್ಮಾನಿಸುವ ನಿಯಮ. ಮಾದರಿ ಅಲ್ಲ.

ಇದರಲ್ಲಿ ಏನು ಮಾಡಬಹುದು? 2006ರಿಂದ ಲಿನಕ್ಸ್‌ನಲ್ಲಿ ತಾನಾಗೇ ಬರುವ ಟಿಸಿಪಿಯ ವೇಗ ನಿಯಂತ್ರಣ ಅಂದರೆ ಕ್ಯೂಬಿಕ್. 2016ರಲ್ಲಿ ಗೂಗಲ್ ಅದಕ್ಕೆ ಪರ್ಯಾಯವಾಗಿ ಬಿಬಿಆರ್ ತಂದಿತು. ಕ್ಯೂಬಿಕ್ ಪ್ಯಾಕೆಟ್ ಬಿದ್ದುಹೋಗುವವರೆಗೆ ತಳ್ಳುತ್ತಲೇ ಇರುತ್ತದೆ. ಬಿಬಿಆರ್ ಹಾಗಲ್ಲ, ಲಿಂಕ್‌ನ ವೇಗ ಎಷ್ಟು, ಹೋಗಿಬರಲು ಎಷ್ಟು ಹೊತ್ತು ಅಂತ ಅಂದಾಜು ಮಾಡಿ ಅಷ್ಟೇ ಕಳಿಸಲು ನೋಡುತ್ತದೆ. ಈಗ ಇಬ್ಬರನ್ನೂ ಒಂದೇ ಕಿರಿದಾದ ಲಿಂಕ್ ಮೇಲೆ ಬಿಡಿ. 100 ಎಂಬಿಪಿಎಸ್ ಲಿಂಕ್, ಹೋಗಿಬರಲು 40 ಮಿಲಿಸೆಕೆಂಡ್ ಅಂದರೆ ದಾರಿಯಲ್ಲಿ ಒಟ್ಟು ಹಿಡಿಸುವುದು 500 ಕಿಲೋಬೈಟ್. ರೂಟರಿನ ಬಫರನ್ನು (ಪ್ಯಾಕೆಟ್‌ಗಳು ಸರದಿಗೆ ಕಾಯುವ ಜಾಗ) ಅದರ ಅರ್ಧ, ಒಂದು ಪಟ್ಟು, ಎರಡು, ನಾಲ್ಕು, ಎಂಟು ಪಟ್ಟು ಅಂತ ಬದಲಿಸುತ್ತಾ ಹೋಗಿ. ಎಕ್ಸ್ ಅಕ್ಷದಲ್ಲಿ ಬಫರ್, ವೈ ಅಕ್ಷದಲ್ಲಿ ಯಾರಿಗೆ ಎಷ್ಟು ಪಾಲು. ಬಫರ್ ಸಣ್ಣದಿದ್ದಾಗ ಮೊದಲ ಆವೃತ್ತಿಯ ಬಿಬಿಆರ್ ಕ್ಯೂಬಿಕ್‌ನ ಊಟ ಕಿತ್ತುಕೊಳ್ಳುತ್ತದೆ, ಬಫರ್ ದೊಡ್ಡದಾದ ಹಾಗೆ ಕ್ಯೂಬಿಕ್ ತಿರುಗಿ ಸೇಡು ತೀರಿಸಿಕೊಳ್ಳುತ್ತದೆ. ಗೆರೆಗಳು ಎಲ್ಲೋ ಒಂದು ಕಡೆ ಒಂದನ್ನೊಂದು ದಾಟುತ್ತವೆ. ಅದು ಎಲ್ಲಿ, ಪ್ರತಿಯೊಬ್ಬರಿಗೂ ಬೇರೆ ಸರದಿ ಕೊಡುವ ಎಫ್‌ಕ್ಯೂ-ಕೋಡೆಲ್ ಹಾಕಿದರೆ ಆ ಜಗಳ ನಿಲ್ಲುತ್ತಾ? ಇಷ್ಟೇ ಒಂದು ಪ್ರಾಜೆಕ್ಟ್. ಬೋರ್ಡ್ ಬೇಡ, ಅನುಮತಿ ಬೇಡ, ರಾತ್ರಿ ಹನ್ನೆರಡಕ್ಕೂ ಮಾಡಬಹುದು.

"ಇದನ್ನು ಆಗಲೇ ಯಾರೋ ಮಾಡಿದ್ದಾರಲ್ಲ?" ಮಾಡಿದ್ದಾರೆ. ಸ್ಟ್ಯಾನ್‌ಫರ್ಡ್‌ನ ಒಂದು ನೆಟ್‌ವರ್ಕಿಂಗ್ ಕೋರ್ಸಿನಲ್ಲಿ ಪ್ರಕಟವಾದ ಪ್ರಬಂಧದ ಒಂದು ಗ್ರಾಫನ್ನು ಮತ್ತೆ ಮಾಡಿ ತೋರಿಸುವುದೇ ವಿದ್ಯಾರ್ಥಿಗಳ ಪ್ರಾಜೆಕ್ಟ್ ಆಗಿತ್ತು. ಇನ್ನೊಬ್ಬರ ಗ್ರಾಫ್ ನಿಮ್ಮ ಕೈಯಲ್ಲಿ ಬರದಿದ್ದರೆ ಯಾಕೆ ಬರಲಿಲ್ಲ ಅಂತ ಹುಡುಕುವಾಗಲೇ ಹೊಸ ಪ್ರಶ್ನೆ ಸಿಗುವುದು.

ಸುಳ್ಳು ನುಸುಳುವ ಜಾಗಗಳು ಇಲ್ಲೂ ಇವೆ. ಪ್ಯಾಕೆಟ್‌ಗಳನ್ನು ಹಿಡಿದು ತೋರಿಸುವ ವೈರ್‌ಶಾರ್ಕ್ ತೆರೆದಾಗ 1500 ಬೈಟ್ ಬದಲು 60 ಸಾವಿರ ಬೈಟ್ ಪ್ಯಾಕೆಟ್ ಕಂಡರೆ ಗಾಬರಿ ಬೇಡ, ಕರ್ನಲ್ ಒಟ್ಟುಗೂಡಿಸಿ ಕಳಿಸುತ್ತಿದೆ, ಆಫ್‌ಲೋಡ್ ಅನ್ನುವ ಆ ಸೌಲಭ್ಯವನ್ನು ಆಫ್ ಮಾಡಿ. ಲಿನಕ್ಸ್‌ನ ನೆಟ್‌ಎಮ್ ಸಾಧನದಿಂದ ಬೇಕೆಂದೇ ತಡ ಸೇರಿಸುವಾಗ ಕಳಿಸುವ ಯಂತ್ರದಲ್ಲೇ ಸೇರಿಸಬೇಡಿ, ಅಲ್ಲಿ ಟಿಸಿಪಿಯ ಒಳಗಿನ ಸರದಿ ಲೆಕ್ಕ ಎಡವಟ್ಟಾಗುತ್ತದೆ. ನಡುವೆ ಒಂದು ರೂಟರ್ ಮಾಡಿ ಅಲ್ಲಿ ಸೇರಿಸಿ. ನಾನು ಇದು ಗೊತ್ತಿಲ್ಲದೆ ಮೂರು ವಾರದ ಡೇಟಾ ಬಿಸಾಡಿದ್ದೇನೆ. ಮತ್ತೆ ಸಿಪಿಯು ಮೇಲೆ ಕಣ್ಣಿಡಿ. ಎಲ್ಲ "ಕಂಪ್ಯೂಟರ್"ಗಳೂ ಹಂಚಿಕೊಂಡಿರುವುದು ಅದೊಂದನ್ನೇ. ಅದು ಏದುಸಿರು ಬಿಡುತ್ತಿದ್ದರೆ ನೀವು ಅಳೆದದ್ದು ನೆಟ್‌ವರ್ಕನ್ನಲ್ಲ, ಲ್ಯಾಪ್‌ಟಾಪಿನ ಫ್ಯಾನನ್ನು.

ಎಸ್‌ಡಿಎನ್ ಅಂತ ಕೇಳಿದವರಿಗೆ: ಹಳೆಯ ಟ್ಯುಟೋರಿಯಲ್‌ಗಳೆಲ್ಲ ರ್‍ಯೂ ಕಂಟ್ರೋಲರ್ (ಸ್ವಿಚ್‌ಗಳಿಗೆ ಆದೇಶ ಕೊಡುವ ಸಾಫ್ಟ್‌ವೇರ್) ಮೇಲೆ ನಿಂತಿವೆ, ಅದನ್ನು ಈಗ ಯಾರೂ ನೋಡಿಕೊಳ್ಳುತ್ತಿಲ್ಲ, ಹೊಸ ಪೈಥಾನ್ ಮೇಲೆ ಇನ್‌ಸ್ಟಾಲ್ ಮಾಡುವುದೇ ಒಂದು ಪ್ರಾಜೆಕ್ಟ್ ಆಗಿಬಿಡುತ್ತದೆ. ಪಿ4 ಭಾಷೆ ಚೆನ್ನಾಗಿದೆ, ಸ್ವಿಚ್ ಒಳಗಿನ ಯೋಚನೆಯನ್ನೇ ನೀವು ಬರೆಯಬಹುದು. ಆದರೆ ಜೊತೆಗೆ ಬರುವ ಬಿಎಮ್‌ವಿ2 ಸಾಫ್ಟ್‌ವೇರ್ ಸ್ವಿಚ್ ವೇಗಕ್ಕಾಗಿ ಮಾಡಿದ್ದಲ್ಲ, ಅದರಲ್ಲಿ ಥ್ರೂಪುಟ್ (ಸೆಕೆಂಡಿಗೆ ಎಷ್ಟು ಡೇಟಾ ಸಾಗಿತು) ಗ್ರಾಫ್ ಹಾಕಬೇಡಿ. ನಿಜವಾದ ಚಿಪ್ ಬೇಕೆಂದರೆ ಇದ್ದ ಟೊಫಿನೋದ ಮುಂದಿನ ಬೆಳವಣಿಗೆಯನ್ನು ಇಂಟೆಲ್ 2023ರಲ್ಲಿ ನಿಲ್ಲಿಸಿತು. ವೇಗವೇ ನಿಮ್ಮ ಪ್ರಶ್ನೆ ಆದರೆ ಲಿನಕ್ಸ್ ಕರ್ನಲ್‌ನೊಳಗೇ ನಿಮ್ಮ ಕೋಡ್ ಓಡಿಸುವ ಇಬಿಪಿಎಫ್, ಎಕ್ಸ್‌ಡಿಪಿ ಕಡೆ ನೋಡಿ.

ಬೋರ್ಡುಗಳು: ದುಡ್ಡಿಗಿಂತ ಸಮಯ ತಿನ್ನುತ್ತವೆ

ಮೂರು ರೇಡಿಯೋಗಳ ನಡುವೆ ಆಯ್ಕೆ. ವೈಫೈ, ಲೋರಾ, ಮತ್ತೆ 802.15.4 (ಜಿಗ್‌ಬೀ ಸಾಧನಗಳು ಬಳಸುವ, ಕಡಿಮೆ ಶಕ್ತಿಯ ಹತ್ತಿರದ ರೇಡಿಯೋ).

ವೈಫೈಗೆ ಇಎಸ್‌ಪಿ32 ಬೋರ್ಡ್. ಬೆಂಗಳೂರಿನ ಎಸ್.ಪಿ. ರಸ್ತೆಯಲ್ಲಿ ಕೆಲವೇ ನೂರು ರೂಪಾಯಿಗೆ ಸಿಗುತ್ತದೆ, ಕೆಟ್ಟರೆ ಅಳು ಬರುವುದಿಲ್ಲ. ಬ್ಯಾಟರಿ ಪ್ರಾಜೆಕ್ಟಿಗೆ ಮಾತ್ರ ಲೆಕ್ಕ ಹಾಕಿ ಇಳಿಯಿರಿ. ವೈಫೈ ಸದಾ ಆನ್ ಇದ್ದು ಸರಾಸರಿ 100 ಮಿಲಿಆಂಪ್ ಎಳೆದರೆ 2500 ಎಂಎಎಚ್ ಸೆಲ್ ಒಂದೇ ದಿನಕ್ಕೆ ಖಾಲಿ. ಡೀಪ್ ಸ್ಲೀಪ್‌ನಲ್ಲಿ ಚಿಪ್ ಎಳೆಯುವುದು ಸುಮಾರು 10 ಮೈಕ್ರೋಆಂಪ್, ಕಾಗದದ ಮೇಲೆ ಅದೇ ಸೆಲ್ 28 ವರ್ಷ ಬರಬೇಕು! ಬರುವುದಿಲ್ಲ. ಬೋರ್ಡಿನ ಮೇಲಿರುವ ರೆಗ್ಯುಲೇಟರ್, ಯುಎಸ್‌ಬಿ ಚಿಪ್, ಆ ಪುಟ್ಟ ಕೆಂಪು ಎಲ್‌ಇಡಿ ಸೇರಿ ಮಿಲಿಆಂಪ್‌ಗಳಲ್ಲಿ ಕುಡಿಯುತ್ತಿರುತ್ತವೆ. 5 ಮಿಲಿಆಂಪ್ ಅಂದುಕೊಂಡರೂ ಮೂರು ವಾರಕ್ಕೆ ಕಥೆ ಮುಗಿಯಿತು. ಹಾಗಾಗಿ "ಶಕ್ತಿ ಉಳಿತಾಯ" ಅಂತ ಹೆಸರಲ್ಲಿ ಇಟ್ಟುಕೊಳ್ಳುವ ಮೊದಲು ಕರೆಂಟ್ ಅಳೆಯುವುದು ಹೇಗೆ ಅಂತ ಯೋಚಿಸಿ. ಸಾದಾ ಮಲ್ಟಿಮೀಟರ್ ಕೆಲವು ಮಿಲಿಸೆಕೆಂಡಿನ ಏರಿಳಿತ ಹಿಡಿಯುವುದಿಲ್ಲ. ಸಣ್ಣ ರೆಸಿಸ್ಟರ್ ಹಾಕಿ ಲ್ಯಾಬಿನ ಆಸಿಲೋಸ್ಕೋಪಿನಲ್ಲಿ ನೋಡಿ. ಮತ್ತೊಂದು, ಮೂಲ ಇಎಸ್‌ಪಿ32ರಲ್ಲಿ ವೈಫೈ ಓಡುವಾಗ ಎಡಿಸಿ2ರ (ವೋಲ್ಟೇಜನ್ನು ಸಂಖ್ಯೆಯಾಗಿ ಓದುವ ಎರಡನೇ ಘಟಕ) ಪಿನ್‌ಗಳು ಕೆಲಸಕ್ಕೆ ಬರುವುದಿಲ್ಲ, ಸೆನ್ಸರನ್ನು ಎಡಿಸಿ1ಕ್ಕೆ ಹಾಕಿ. ಇದೊಂದಕ್ಕೇ ನಾಲ್ಕು ರಾತ್ರಿ ಕಳೆದವರಿದ್ದಾರೆ.

ಲೋರಾ ಕೊಳ್ಳುವಾಗ ಮೊದಲ ತಪ್ಪು ಆಗುವುದು ಅಂಗಡಿಯಲ್ಲೇ. ನಮ್ಮ ದೇಶದಲ್ಲಿ ಲೋರಾಗೆ ಲೈಸೆನ್ಸ್ ಇಲ್ಲದೆ ಬಳಸುವ ಪಟ್ಟಿ 865ರಿಂದ 868 ಮೆಗಾಹರ್ಟ್ಸ್. ಅಗ್ಗಕ್ಕೆ ಸಿಗುವ ಎಸ್‌ಎಕ್ಸ್1278 ಮಾಡ್ಯೂಲ್ 433ರದ್ದು, ಅಮೆರಿಕದ ಬೋರ್ಡ್ 915ರದ್ದು. ಎಸ್‌ಎಕ್ಸ್1276 ಅಥವಾ ಎಸ್‌ಎಕ್ಸ್1262, ಅದರಲ್ಲೂ 868ರ ಆಂಟೆನಾ ಇರುವುದನ್ನು ಕೇಳಿ ತನ್ನಿ. ಆಂಟೆನಾ ಇಲ್ಲದೆ ಪವರ್ ಕೊಟ್ಟು ಕಳಿಸಬೇಡಿ, ಸುಟ್ಟುಹೋದೀತು.

ನಮ್ಮ ಮಾವನ ಅಡಿಕೆ ತೋಟದಲ್ಲಿ ನಾನು ಐದು ನೋಡ್ ನೆಟ್ಟಿದ್ದೆ. ಕಥೆ ಉದ್ದ, ಚಿಕ್ಕದು ಮಾಡುತ್ತೇನೆ. ಎರಡು ಕಡ್ಡಿಯ ಅಗ್ಗದ ತೇವಾಂಶ ಸೆನ್ಸರ್ ಒಂದೇ ತಿಂಗಳಲ್ಲಿ ತುಕ್ಕು ತಿಂದು ಕರಗಿತು, ಕರೆಂಟ್ ಹರಿಯುವಾಗ ಮಣ್ಣೊಳಗೆ ಆಗುವುದೇ ಅದು. ಒಂದು ಡಬ್ಬಿಯೊಳಗೆ ಇರುವೆ ಗೂಡು ಕಟ್ಟಿತು. ಜೂನ್ ಮಳೆ ಹಿಡಿದ ಮೇಲೆ ಸೋಗೆ ನೆನೆದು ಸಿಗ್ನಲ್ ಕುಸಿಯಿತು. ಇಷ್ಟೆಲ್ಲ ಆದ ಮೇಲೆ ಮಾವ ಕೇಳಿದ್ದು "ಮಣ್ಣು ಹಸಿ ಇದೆಯೋ ಇಲ್ವೋ ಅಂತ ಕಾಲಲ್ಲಿ ಒತ್ತಿದರೆ ಗೊತ್ತಾಗುತ್ತಲ್ಲ ಮಾರಾಯ?" ಉತ್ತರ ಇರಲಿಲ್ಲ. ಆದರೆ ನನಗೆ ಬೇಕಿದ್ದದ್ದು ಮಣ್ಣಿನ ಲೆಕ್ಕ ಅಲ್ಲವೇ ಅಲ್ಲ, ಮಳೆಗೂ ಸಿಗ್ನಲಿಗೂ ಇರುವ ನಂಟು, ಅದು ಸಿಕ್ಕಿತ್ತು. ಸೆನ್ಸರ್‌ಗಳನ್ನು ಹಾಕದೇ ಇದ್ದಿದ್ದರೆ ಕೆಲಸ ಅರ್ಧ ಸಮಯದಲ್ಲಿ ಆಗುತ್ತಿತ್ತು. ನೆಟ್‌ವರ್ಕ್ ಪ್ರಾಜೆಕ್ಟಿಗೆ ಸೆನ್ಸರ್ ಬೇಕಾಗಿಲ್ಲ! ಪ್ಯಾಕೆಟ್‌ನಲ್ಲಿ ಒಂದು ಕ್ರಮಸಂಖ್ಯೆ ಇದ್ದರೆ ಸಾಕು.

ತೋಟ, ಹೊಲ ಇಲ್ಲದವರಿಗೆ ಲೋರಾದಲ್ಲೇ ಇನ್ನೊಂದು, ನನ್ನ ಮಟ್ಟಿಗೆ ಇದೇ ಉತ್ತಮ. ಲೋರಾ ಮೇಲೆ ಕಟ್ಟಿದ ಲೋರಾವ್ಯಾನ್ ನೆಟ್‌ವರ್ಕ್‌ನಲ್ಲಿ ನೋಡ್‌ಗಳು ಯಾರನ್ನೂ ಕೇಳದೆ ಮನಸ್ಸಿಗೆ ಬಂದಾಗ ಮಾತಾಡುತ್ತವೆ, ಅಂದರೆ 1971ರಲ್ಲಿ ಹವಾಯಿಯಲ್ಲಿ ಓಡಿದ ಆಲೋಹಾ, ನೀವು ಐದನೇ ಸೆಮಿಸ್ಟರಿನಲ್ಲಿ ಬಾಯಿಪಾಠ ಮಾಡಿದ, ಹೆಚ್ಚೆಂದರೆ ಚಾನೆಲ್ಲಿನ 18.4 ಶೇಕಡಾ ಮಾತ್ರ ಉಪಯೋಗವಾಗುವಂಥದ್ದು. 10 ಬೈಟ್ ಡೇಟಾ ಕಳಿಸಲು ಎಸ್‌ಎಫ್7ರಲ್ಲಿ (ಎಸ್‌ಎಫ್ ಅಂದರೆ ಸ್ಪ್ರೆಡಿಂಗ್ ಫ್ಯಾಕ್ಟರ್, ಹೆಚ್ಚಾದಷ್ಟೂ ದೂರ ಜಾಸ್ತಿ, ವೇಗ ಕಡಿಮೆ) ಸುಮಾರು 62 ಮಿಲಿಸೆಕೆಂಡ್, ಎಸ್‌ಎಫ್12ರಲ್ಲಿ ಸುಮಾರು 1.48 ಸೆಕೆಂಡ್. ಡಿಕ್ಕಿ ಅಧ್ಯಯನ ಮಾಡಲು ಸಾವಿರ ನೋಡ್ ಬೇಕು ಅಂತ ಎಲ್ಲರೂ ಸಿಮ್ಯುಲೇಟರಿಗೆ ಓಡುತ್ತಾರೆ. ಬೇಡ. ಎಸ್‌ಎಫ್12ರಲ್ಲಿ ಹತ್ತು ಬೋರ್ಡ್ ಒಂದೇ ಚಾನೆಲ್ ಮೇಲೆ ಸರಾಸರಿ 30 ಸೆಕೆಂಡಿಗೊಮ್ಮೆ ಕಳಿಸಿದರೆ ಹೊರೆ (ಒಟ್ಟು ಹೊತ್ತಿನಲ್ಲಿ ಕಳಿಸುವುದಕ್ಕೇ ಹೋಗುವ ಪಾಲು) ಆಗಲೇ 0.5, ಆಲೋಹಾದ ತುತ್ತತುದಿ. ಲೆಕ್ಕದ ಪ್ರಕಾರ ಆಗ ತಲುಪಬೇಕಾದ್ದು ಹೆಚ್ಚುಕಡಿಮೆ ನೂರಕ್ಕೆ 37. ನಿಜದಲ್ಲಿ ಅದಕ್ಕಿಂತ ಜಾಸ್ತಿ ತಲುಪುತ್ತದೆ, ಯಾಕೆಂದರೆ ಎರಡು ಡಿಕ್ಕಿ ಹೊಡೆದಾಗ ಜೋರು ದನಿಯದ್ದು ಬದುಕಿಕೊಳ್ಳುವುದುಂಟು. ಎಷ್ಟು ಜಾಸ್ತಿ, ದನಿಯ ವ್ಯತ್ಯಾಸ ಎಷ್ಟು ಡೆಸಿಬಲ್ ಇರಬೇಕು? ನಿಮ್ಮ ಗ್ರಾಫ್ ಸಿಕ್ಕಿತು. ಕಳಿಸುವ ಹೊತ್ತನ್ನು ಮಾತ್ರ ಯಾದೃಚ್ಛಿಕವಾಗಿ ಇಡಿ, ಗಡಿಯಾರದ ಹಾಗೆ ಕಳಿಸಿದರೆ ಎರಡು ಬೋರ್ಡ್ ಒಂದಕ್ಕೊಂದು ಅಂಟಿಕೊಂಡು ಗಂಟೆಗಟ್ಟಲೆ ಡಿಕ್ಕಿ ಹೊಡೆಯುತ್ತಲೇ ಇರುತ್ತವೆ. ಇದನ್ನು ಎಲ್ಲರೂ ಹಂಚಿಕೊಳ್ಳುವ ಲೋರಾವ್ಯಾನ್ ಜಾಲವಾದ ದಿ ಥಿಂಗ್ಸ್ ನೆಟ್‌ವರ್ಕ್ ಮೇಲೆ ಮಾಡಬೇಡಿ, ಅಲ್ಲಿ ಒಂದು ನೋಡ್‌ಗೆ ದಿನಕ್ಕೆ 30 ಸೆಕೆಂಡ್ ಗಾಳಿಯ ಸಮಯ ಅಷ್ಟೇ, ಎಸ್‌ಎಫ್12ರಲ್ಲಿ ಇಪ್ಪತ್ತು ಮೆಸೇಜಿಗೆ ಮುಗಿಯಿತು. ನಿಮ್ಮದೇ ಒಂದು ಬೋರ್ಡನ್ನು ಕೇಳುವವನಾಗಿ ಇಟ್ಟುಕೊಳ್ಳಿ. ಎಂಟು ಚಾನೆಲ್ಲಿನ ದುಬಾರಿ ಗೇಟ್‌ವೇ ಕೂಡ ಬೇಕಿಲ್ಲ.

802.15.4 ಆರಿಸುವವರು ಕಡಿಮೆ. ಒಂದು ಫ್ರೇಮ್ (ಒಮ್ಮೆಗೆ ಕಳಿಸುವ ತುಂಡು) ಹೆಚ್ಚೆಂದರೆ 127 ಬೈಟ್, ಇಂಟರ್ನೆಟ್ಟಿನ ಹೊಸ ವಿಳಾಸ ಪದ್ಧತಿಯಾದ ಐಪಿವಿ6 ಕೇಳುವುದು ಕನಿಷ್ಠ 1280. ಈ ಆನೆಯನ್ನು ಆ ಆಟೋದಲ್ಲಿ ಕೂರಿಸುವ ಕೆಲಸವೇ 6ಲೋಪ್ಯಾನ್. ಪ್ರೋಟೋಕಾಲ್ ಒಳಗೆ ಇಳಿಯುವ ಆಸೆ ಇದ್ದು, ಮುಂದೆ ಪಿಎಚ್‌ಡಿ ಯೋಚನೆ ಇದ್ದರೆ ಇದು. ಕೂಜಾದಲ್ಲಿ ಮಾಡಿ, ಎನ್‌ಆರ್‌ಎಫ್52840 ಡಾಂಗಲ್ ನಾಲ್ಕೈದು ತಂದು ಅದನ್ನೇ ಪರೀಕ್ಷಿಸಿ. ಲ್ಯಾಬಿನ ವೈಫೈ ಕೂಡ ಅದೇ 2.4 ಗಿಗಾಹರ್ಟ್ಸ್‌ನಲ್ಲಿದೆ ಅನ್ನೋದು ನೆನಪಿರಲಿ, ಮಧ್ಯಾಹ್ನದ ಡೇಟಾ ಒಂಥರಾ, ಭಾನುವಾರದ್ದು ಇನ್ನೊಂಥರಾ.

ಇಂಟರ್ನೆಟ್ಟನ್ನೇ ಅಳೆಯುವುದು

ಬೆಸುಗೆ ಹಾಕಲು ಕೈ ನಡುಗುವವರಿಗೆ ಇದು. ಯುರೋಪಿನಲ್ಲಿ ಐಪಿ ವಿಳಾಸ ಹಂಚುವ ಸಂಸ್ಥೆ ರೈಪ್ ಎನ್‌ಸಿಸಿ ನಡೆಸುವ ರೈಪ್ ಅಟ್ಲಾಸ್‌ನ ಪುಟ್ಟ ಪ್ರೋಬ್‌ಗಳು (ನೆಟ್‌ವರ್ಕ್ ಅಳೆಯುವ ಸಾಧನಗಳು) ಜಗತ್ತಿನ ಎಲ್ಲೆಡೆ ಇವೆ, ನಮ್ಮಲ್ಲೂ ಇವೆ. ಒಂದನ್ನು ಮನೆಯಲ್ಲಿ ಇಟ್ಟುಕೊಂಡರೆ ಕ್ರೆಡಿಟ್ ಸಿಗುತ್ತದೆ, ಅದರಿಂದ ಬೇರೆ ಪ್ರೋಬ್‌ಗಳಿಂದ ಪಿಂಗ್ (ಹೋಗಿಬರುವ ಹೊತ್ತು ಅಳೆಯುವುದು), ಟ್ರೇಸ್‌ರೂಟ್ (ದಾರಿಯ ರೂಟರುಗಳನ್ನು ಪಟ್ಟಿ ಮಾಡುವುದು) ಮಾಡಿಸಬಹುದು. ಬೆಂಗಳೂರಿಂದ ಚೆನ್ನೈಗೆ ಹೋಗುವ ಪ್ಯಾಕೆಟ್ ಮುಂಬೈ ಸುತ್ತಿ ಹೋಗುತ್ತಾ, ಐಪಿವಿ4ಕ್ಕೂ ಐಪಿವಿ6ಕ್ಕೂ ತಡ ಬೇರೆಯಾ? 2016ರಲ್ಲಿ ಜಿಯೋ ಬಂದಾಗಿನಿಂದ ನಮ್ಮಲ್ಲಿ ಐಪಿವಿ6 ಬಳಕೆ ವಿಪರೀತ ಏರಿದೆ, ಹಾಗಾಗಿ ಪ್ರಶ್ನೆಗೆ ಬರವಿಲ್ಲ. ಸುಳ್ಳು ನುಸುಳುವುದು ಎರಡು ಕಡೆ. ಟ್ರೇಸ್‌ರೂಟ್ ತೋರಿಸುವುದು ಹೋಗುವ ದಾರಿ ಮಾತ್ರ, ಬರುವ ದಾರಿ ಬೇರೆ ಇರಬಹುದು. ಮತ್ತೆ ಪ್ರೋಬ್ ಇಟ್ಟುಕೊಳ್ಳುವವರು ಬಹುತೇಕ ನಮ್ಮಂಥ ಕಂಪ್ಯೂಟರ್ ಹುಚ್ಚರು, ಅವರ ಮನೆಯ ಫೈಬರ್ ನೋಡಿ ಇಡೀ ಊರಿನ ಬಗ್ಗೆ ಮಾತಾಡಲಾಗದು. ಯಾರದೋ ನೆಟ್‌ವರ್ಕನ್ನು ಕೇಳದೆ ಸ್ಕ್ಯಾನ್ ಮಾಡುವ ಕೆಲಸಕ್ಕಂತೂ ಹೋಗಬೇಡಿ.

ಇದರ ಪಕ್ಕದಲ್ಲೇ ಇನ್ನೊಂದಿದೆ, ಮೆಷಿನ್ ಲರ್ನಿಂಗ್‌ನಿಂದ ದಾಳಿ ಪತ್ತೆ. ಎಲ್ಲರೂ ಹಿಡಿಯುವುದು ಕೆಡಿಡಿ 99 ಡೇಟಾ, 99 ಶೇಕಡಾ ನಿಖರತೆ ಅಂತ ಬರೆಯುವುದು. ಆ ಡೇಟಾದ ಮೂಲ 1998ರ ಟ್ರಾಫಿಕ್. ಆಗ ನಮ್ಮೂರಲ್ಲಿ ಎಸ್‌ಟಿಡಿ ಬೂತ್ ಮುಂದೆ ಕ್ಯೂ ಇತ್ತು. ಇಷ್ಟು ಹೇಳಿದರೆ ಸಾಕು ಅಂದುಕೊಳ್ಳುತ್ತೇನೆ.

ಹಾಗಾದರೆ ಯಾರಿಗೆ ಯಾವುದು? ಒಬ್ಬರೇ ಇದ್ದೀರಿ, ಎರಡೇ ತಿಂಗಳು ಉಳಿದಿದೆ ಅಂದರೆ ಲ್ಯಾಪ್‌ಟಾಪ್ ಬಿಟ್ಟು ಕದಲಬೇಡಿ. ನಾಲ್ಕು ಜನರ ತಂಡ, ಒಬ್ಬರಿಗಾದರೂ ಬೆಸುಗೆ ಬರುತ್ತದೆ, ವರ್ಷ ಪೂರ್ತಿ ಇದೆ ಅಂದರೆ ಲೋರಾ ಡಿಕ್ಕಿ ಪ್ರಯೋಗ ಮಾಡಿ, ಆಮೇಲೆ ಸಮಯ ಮಿಕ್ಕರೆ ನೀವು ಅಳೆದ ಸಂಖ್ಯೆಗಳನ್ನೇ ಎನ್‌ಎಸ್-3ಕ್ಕೆ ಕೊಟ್ಟು ಸಾವಿರ ನೋಡ್‌ಗೆ ಹಿಗ್ಗಿಸಿ. ಸಿಮ್ಯುಲೇಟರ್ ಬಗ್ಗೆ ನನಗಿರುವ ಅನುಮಾನ ಆಗ ಎಷ್ಟೋ ಕಡಿಮೆಯಾಗುತ್ತದೆ. ಗೈಡ್ "ಹಾರ್ಡ್‌ವೇರ್ ಇರಲೇಬೇಕು" ಅಂತ ಹಟ ಹಿಡಿದರೂ ಅದೇ ತೋರಿಸಿ. ದುಡ್ಡಿಗೆ ಭಾರತೀಯ ವಿಜ್ಞಾನ ಸಂಸ್ಥೆಯ ಆವರಣದಲ್ಲೇ ಇರುವ ಕರ್ನಾಟಕ ರಾಜ್ಯ ವಿಜ್ಞಾನ ಮತ್ತು ತಂತ್ರಜ್ಞಾನ ಮಂಡಳಿಯ ವಿದ್ಯಾರ್ಥಿ ಪ್ರಾಜೆಕ್ಟ್ ನೆರವು ಇದೆ, ಕಾಲೇಜಿನ ಮೂಲಕ ಅರ್ಜಿ ಹಾಕಬೇಕು, ಕೊನೆಯ ದಿನಾಂಕವನ್ನು ನೋಟಿಸ್ ಬೋರ್ಡ್ ಮೇಲೆ ಬರುವವರೆಗೆ ಕಾಯದೆ ಕೇಳಿಕೊಳ್ಳಿ. ಅರ್ಜಿಯಲ್ಲಿ ಹತ್ತು ಬೋರ್ಡ್ ಬೇಕಿದ್ದರೆ ಹನ್ನೆರಡು ಅಂತ ಬರೆಯಿರಿ. ಒಂದನ್ನು ಯಾರಾದರೂ ಉಲ್ಟಾ ಬ್ಯಾಟರಿ ಹಾಕಿ ಸುಡುತ್ತಾರೆ, ಇನ್ನೊಂದು ಡೆಮೋ ದಿನ ಬೆಳಿಗ್ಗೆ ಸಾಯುತ್ತದೆ.